ಹದಿನಾರರ ನನ್ನ ಸಮಯವನ್ನು ಮೈಕಿನಲ್ಲಿ ಓದಬೇಡಿ

ಅಥ್ಲೆಟಿಕ್ಸ್ ನಡೆಸುವವರಿಗೆ, ತಂಡ ಆರಿಸುವವರಿಗೆ, ಕೋಚ್‌ಗಳಿಗೆ,

ನಮಸ್ಕಾರ.

ಹೋದ ತಿಂಗಳು, ಏಳು ವರ್ಷದ ನಂತರ ಮೊದಲ ಸಲ ಕಾಲ್ ರೂಮಿನಲ್ಲಿ ಕೂತಿದ್ದೆ. ಓಟಕ್ಕೆ ಮುಂಚೆ ನಮ್ಮನ್ನೆಲ್ಲ ಕೂರಿಸಿ, ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿ, ಅಂದರೆ ಬಿಬ್ ನೋಡಿ, ಸ್ಪೈಕ್ಸ್ ಅನ್ನುವ ಮೊಳೆ ಶೂ ತಿರುಗಿಸಿ ನೋಡಿ, ಸಾಲಾಗಿ ಟ್ರ್ಯಾಕಿಗೆ ಬಿಡುವ ಕೋಣೆ ಅದು. ಪಕ್ಕದಲ್ಲಿದ್ದ ಹುಡುಗಿಗೆ ಹದಿನಾರು ಇರಬಹುದು. ಅವಳ ಬಿಬ್ಬಿನ ಒಂದು ಮೂಲೆಯ ಪಿನ್ನು ಕಳಚಿಕೊಂಡಿತ್ತು. ಕೈ ನಡುಗುತ್ತಿದ್ದರಿಂದ ಎಷ್ಟು ಸಲ ಪ್ರಯತ್ನಿಸಿದರೂ ಅದು ಕೂರುತ್ತಿರಲಿಲ್ಲ. ನಾನೇ ಚುಚ್ಚಿಕೊಟ್ಟೆ. ಅವಳು ನನ್ನ ಮುಖ ನೋಡಿ ಕೇಳಿದಳು, "ಅಕ್ಕಾ, ನೀವು ಯಾರ ಕೋಚು?"

ನಗು ಬಂತು. ಜಾಕೆಟ್ ಸರಿಸಿ ನನ್ನ ಬಿಬ್ ತೋರಿಸಿದೆ. ಅವಳು ನಾಲಿಗೆ ಕಚ್ಚಿಕೊಂಡಳು.

ನನಗೀಗ 27. ಹದಿನಾರಕ್ಕೆ 1500 ಮೀಟರನ್ನು 4 ನಿಮಿಷ 11 ಸೆಕೆಂಡಿನಲ್ಲಿ ಓಡಿದ್ದೆ. ಆಗ ನಿಮ್ಮಲ್ಲಿ ಕೆಲವರಿಗೆ ನನ್ನ ಹೆಸರು ಬಾಯಿಪಾಠವಾಗಿತ್ತು. ಇಪ್ಪತ್ತಕ್ಕೆ ಓಟ ಬಿಟ್ಟೆ. ಈಗ ಮತ್ತೆ ಬಂದಿದ್ದೇನೆ. ಈ ಪತ್ರಕ್ಕೆ ಹೆಸರು ಹಾಕಿಲ್ಲ. ಹಾಕಿದರೆ ನೀವು ಪತ್ರ ಬಿಟ್ಟು ಹೆಸರು ಓದುತ್ತೀರಿ. ಬರೆದವಳು ಯಾರೆಂದು ಹಲವರಿಗೆ ಹೇಗೂ ಗೊತ್ತಾಗುತ್ತದೆ, ಇರಲಿ.

ಅವತ್ತು ನಾವು ಗೆರೆಯ ಮೇಲೆ ನಿಂತಾಗ ಮೈಕಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಈ ವರ್ಷದ ಸಮಯವನ್ನೂ ಓದಿದರು. ನನ್ನ ಸರದಿ ಬಂದಾಗ ಮಾತ್ರ ಹನ್ನೊಂದು ವರ್ಷ ಹಿಂದಕ್ಕೆ ಹೋದರು. "ಹದಿನಾರನೇ ವಯಸ್ಸಿನಲ್ಲೇ 4:11 ಓಡಿ ಬೆರಗು ಮೂಡಿಸಿದ್ದ ಬಾಲಪ್ರತಿಭೆ" ಅಂದರು. ಚಪ್ಪಾಳೆ ಬಿತ್ತು. ಓಟ ಮುಗಿದಾಗ ಗಡಿಯಾರ ನನಗೆ 4:26.3 ತೋರಿಸಿತು. ಹನ್ನೆರಡು ಜನರಲ್ಲಿ ಒಂಬತ್ತನೆಯವಳು. ಸೊಂಟದ ಮೇಲೆ ಕೈಯಿಟ್ಟು ಉಸಿರು ತೆಗೆಯುತ್ತಿದ್ದಾಗ ಬೇಲಿಯ ಆಚೆಯಿಂದ ಯಾರೋ ಅಂದದ್ದು ಸ್ಪಷ್ಟವಾಗಿ ಕೇಳಿಸಿತು: "ಪಾಪ, ಹೇಗಿದ್ದವಳು ಹೇಗಾಗಿಬಿಟ್ಟಳು."

ಅವರಿಗೆ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ. ಆ ಹೊತ್ತಿಗೆ ನಾನು ಖುಷಿಯಾಗಿದ್ದೆ, ತುಂಬಾನೇ. ಮೊದಲ 300 ಮೀಟರ್ 52 ಸೆಕೆಂಡ್. ಮುಂದಿನ 400 ಮೀಟರಿನ ಸುತ್ತು 71. ಅದರ ಮುಂದಿನದು 73, ಅಲ್ಲಿ ಸ್ವಲ್ಪ ಹೆದರಿದೆ, ಒಪ್ಪಿಕೊಳ್ಳುತ್ತೇನೆ. ಗಂಟೆ ಬಾರಿಸಿದ ಮೇಲೆ ಕಾಲು ಎತ್ತಿದೆ, ಎತ್ತಲು ಬಂತು. ಕೊನೆಯ ಸುತ್ತು 70ಕ್ಕೆ ಮುಗಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲಿಯೂ ನೋಯಲಿಲ್ಲ. ಮೊಳಕಾಲಿನ ಕೆಳಗೆ, ಮುಂಗಾಲ ಮೂಳೆಯ ಒಳಮಗ್ಗುಲಿನಲ್ಲಿ ಒಂದು ಜಾಗವಿದೆ. ಬೆರಳಿಟ್ಟು ಒತ್ತಿ ನೋಡಿದೆ. ಏನೂ ಇಲ್ಲ. ಹದಿನೇಳರಿಂದ ಹತ್ತೊಂಬತ್ತರ ತನಕ ನಾನು ಹಾಗೆ ಒತ್ತಿ ನೋಡದೆ ಮಲಗಿದ ದಿನವಿಲ್ಲ.

ನಿಮಗೆ ನಾನು ಹೇಳಬೇಕಾದ ಮಾತು ಇಲ್ಲಿಂದ ಶುರುವಾಗುತ್ತದೆ. ಆ 4:11 ಅನ್ನು ನಾನು ಓಡಿದ್ದು ನಿಜ. ಅದರ ಬೆಲೆ ಕೊಟ್ಟವಳೂ ನಾನೇ. ಹಾಗಂತ ಅದು ನಾನು ತೀರಿಸಬೇಕಾದ ಸಾಲವಲ್ಲ.

ತರಬೇತಿಯ ಗುಂಪಿಗೆ ಸೇರಿದಾಗ ಎಲ್ಲರಿಗಿಂತ ಚಿಕ್ಕವಳು ನಾನು. ಬೆಳಿಗ್ಗೆ ತಾಲೀಮಿಗೆ ಮುಂಚೆ ಗಾಜಿನ ತೂಕದ ಯಂತ್ರ ಹೊರಗೆ ಬರುತ್ತಿತ್ತು. ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರು ಹತ್ತಿದ ಹಾಗೆ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಸಂಖ್ಯೆ ಇಳಿದಿದ್ದರೆ "ಗುಡ್". ಏರಿದ್ದರೆ ಏನೂ ಹೇಳುತ್ತಿರಲಿಲ್ಲ, ಪೆನ್ನು ಮಾತ್ರ ಒಂದು ಕ್ಷಣ ನಿಲ್ಲುತ್ತಿತ್ತು. ಆ ಪೆನ್ನು ನಿಲ್ಲುವುದಕ್ಕೆ ನಾನು ಹೆದರುತ್ತಿದ್ದಷ್ಟು ಯಾವ ಎದುರಾಳಿಗೂ ಹೆದರಿಲ್ಲ. ಹಿಂದಿನ ರಾತ್ರಿಯಿಂದ ನೀರು ಕುಡಿಯುತ್ತಿರಲಿಲ್ಲ. ಯಂತ್ರ ಹತ್ತುವ ಮುಂಚೆ ಕೂದಲಿನ ಕ್ಲಿಪ್ ತೆಗೆದು ಪಕ್ಕಕ್ಕಿಡುತ್ತಿದ್ದೆ. ಕ್ಲಿಪ್ಪು! ಅದು ಎಷ್ಟು ಗ್ರಾಂ ತೂಗೀತು ಹೇಳಿ.

ಮುಟ್ಟು ನಿಂತಿತು. ಅಳುಕುತ್ತಲೇ ಕೋಚ್‌ಗೆ ಹೇಳಿದೆ. "ತಾಲೀಮು ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ, ಚಿಂತೆ ಬೇಡ" ಅಂದರು. ನಂಬಿದೆ. ನಂಬದೆ ಏನು ಮಾಡಲಿ, ಹದಿನಾರು ವರ್ಷದ ಹುಡುಗಿ. ಮನೆಯವರಿಗಿಂತ ಹೆಚ್ಚಾಗಿ ಅವರನ್ನೇ ನಂಬಿದ್ದೆ. ಹದಿನೇಳಕ್ಕೆ ಮುಂಗಾಲ ಮೂಳೆಯಲ್ಲಿ ಮೊದಲ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಒತ್ತಡ ಬಿದ್ದು ಬಿದ್ದು ಮೂಳೆಯಲ್ಲಿ ಬಿಡುವ ಸಣ್ಣ ಬಿರುಕು. ಹದಿನೆಂಟಕ್ಕೆ ಬೆನ್ನಿನ ಬುಡದ ಮೂಳೆ. ಹತ್ತೊಂಬತ್ತಕ್ಕೆ ಪಾದ. ಪ್ರತಿ ಸಲ ಹೇಳುತ್ತಿದ್ದದ್ದು ಒಂದೇ ಮಾತು: ಅದೃಷ್ಟ ಸರಿಯಿಲ್ಲ.

ಅದೃಷ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಓಟಕ್ಕೆ ಖರ್ಚಾಗಿ ಉಳಿದ ಶಕ್ತಿಯಲ್ಲಿ ದೇಹ ತನ್ನ ಮನೆ ನಡೆಸಬೇಕು. ಉಳಿಯುವುದು ತೀರಾ ಕಡಿಮೆಯಾದರೆ ದೇಹ, ಸಂಬಳ ನಿಂತ ಮನೆಯ ಹಾಗೆ, ಒಂದೊಂದೇ ಖರ್ಚು ಕಡಿತ ಮಾಡುತ್ತಾ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ಮೊದಲು ನಿಲ್ಲುವ ಖರ್ಚುಗಳಲ್ಲಿ ಮುಟ್ಟೂ ಒಂದು. ಅದರ ಜೊತೆಗೆ ಈಸ್ಟ್ರೋಜನ್ ಇಳಿಯುತ್ತದೆ. ಮೂಳೆಯನ್ನು ಕಾಯುವ ಹಾರ್ಮೋನು ಅದು. ಜೀವನಪೂರ್ತಿ ಬಾಳಬೇಕಾದ ಮೂಳೆಯ ಬಹುಪಾಲು ಕೂಡಿಬರುವುದು ಹದಿಹರೆಯ ಮುಗಿಯುವುದರೊಳಗೇ. ಅಂದರೆ ಮೂಳೆ ಕಟ್ಟುವ ಹೊತ್ತಿನಲ್ಲೇ ನಾವು ಸಿಮೆಂಟು ನಿಲ್ಲಿಸಿದೆವು. 1990ರ ದಶಕದಲ್ಲೇ ವೈದ್ಯರು ಕಡಿಮೆ ಊಟ, ನಿಂತ ಮುಟ್ಟು, ಸೋತ ಮೂಳೆ ಈ ಮೂರನ್ನೂ ಒಂದೇ ಸಮಸ್ಯೆಯಾಗಿ ನೋಡಲು ಶುರುಮಾಡಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ದೇಹಕ್ಕೆ ಬೀಳುವ ಶಕ್ತಿಯ ಕೊರತೆ) ಎಂದು ಹೆಸರಿಟ್ಟು, ಗಂಡಸರಿಗೂ ಬರುತ್ತದೆ ಎಂದು ಸೇರಿಸಿದರು. 2023ರಲ್ಲಿ ಅದನ್ನು ಇನ್ನಷ್ಟು ವಿವರವಾಗಿ ಬರೆದರು. ಹಾಗಾಗಿ ಗೊತ್ತಿರಲಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಓಟ ಬಿಟ್ಟ ಮೇಲೆ ಒಬ್ಬ ವೈದ್ಯೆಯ ಹತ್ತಿರ ಹೋದೆ. ಕಾಲಿನ ಎಕ್ಸ್-ರೇಗಳ ಕಟ್ಟು ಹಿಡಿದುಕೊಂಡು ಹೋಗಿದ್ದೆ. ಅವರು ಕಟ್ಟು ಬಿಚ್ಚುವ ಮುಂಚೆ ಕೇಳಿದ್ದು, "ಮುಟ್ಟು ಸರಿಯಾಗಿ ಆಗ್ತಿದೆಯಾ?" ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕುರ್ಚಿಯಲ್ಲಿ ಕೂತೇ ಅತ್ತುಬಿಟ್ಟೆ. ಆ ಒಂದು ಪ್ರಶ್ನೆ ಕೇಳುವುದಕ್ಕೆ ಯಂತ್ರ ಬೇಡ, ಹಣ ಬೇಡ, ಪ್ರಯೋಗಾಲಯವೂ ಬೇಡ.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಸುಮ್ನೆ ಇರುತ್ತಿದ್ದೆ. ಮೇರಿ ಕೇನ್ ನಿಮಗೆ ನೆನಪಿರಲೇಬೇಕು. ಅಮೆರಿಕದ ಹುಡುಗಿ. 2013ರಲ್ಲಿ 17ನೇ ವಯಸ್ಸಿಗೆ ಮಾಸ್ಕೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1500 ಮೀಟರಿನ ಫೈನಲ್ ತಲುಪಿ ಹತ್ತನೆಯವರಾದರು. ಆ ವರ್ಷ ಅವರ ಅತ್ಯುತ್ತಮ ಸಮಯ 4:04.62. ಮರುವರ್ಷ 3000 ಮೀಟರಿನಲ್ಲಿ ವಿಶ್ವ ಜೂನಿಯರ್ ಚಾಂಪಿಯನ್. ನಾನು ಆ ಓಟವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆಮೇಲೆ ಅವರ ಸುದ್ದಿ ನಿಂತೇಹೋಯಿತು. 2019ರ ನವೆಂಬರಿನಲ್ಲಿ ಅವರೇ ಕ್ಯಾಮೆರಾ ಎದುರಿಗೆ ಕೂತು ಹೇಳಿದರು: ತೂಕ ಇಳಿಸಲು ಒತ್ತಡವಿತ್ತು, ತಂಡದವರ ಎದುರಿಗೇ ತೂಗುತ್ತಿದ್ದರು, ಮೂರು ವರ್ಷ ಮುಟ್ಟಾಗಲಿಲ್ಲ, ಐದು ಮೂಳೆ ಮುರಿದವು. ಸಾಗರದ ಆಚೆಯ ಆ ಹುಡುಗಿಯ ಮನೆಗೂ ನನ್ನ ಮನೆಗೂ ಏನೇನೂ ಸಂಬಂಧವಿಲ್ಲ. ತೂಕದ ಯಂತ್ರ ಮಾತ್ರ ಒಂದೇ. ಆಮೇಲೆ ಅವರು ಮತ್ತೆ ಓಡಲು ಹೊರಟಾಗ ಎಲ್ಲರೂ ಕೇಳಿದ್ದೂ ಒಂದೇ ಪ್ರಶ್ನೆ. ಹಳೆಯ ಸಮಯ ಮತ್ತೆ ಬರುತ್ತಾ?

ಆ ಪ್ರಶ್ನೆಯಲ್ಲೇ ಎಡವಟ್ಟಿದೆ. ಗಂಡುಹುಡುಗರು ಹದಿನೈದರಿಂದ ಹತ್ತೊಂಬತ್ತರ ನಡುವೆ ಬೆಳೆದ ಹಾಗೆಲ್ಲ ಸಾಮಾನ್ಯವಾಗಿ ವೇಗ ತಾನಾಗಿಯೇ ಏರುತ್ತದೆ. ಗಂಡು ಹಾರ್ಮೋನು ಟೆಸ್ಟೋಸ್ಟೆರೋನ್ ಅವರ ಪರವಾಗಿ ಕೆಲಸ ಮಾಡುತ್ತದೆ. ಹುಡುಗಿಯರಿಗೆ ಅದೇ ವಯಸ್ಸಿನಲ್ಲಿ ಸೊಂಟ ಅಗಲವಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಬಹಳ ಜನರಿಗೆ ಎರಡು ಮೂರು ವರ್ಷ ಸಮಯ ನಿಂತಲ್ಲೇ ನಿಲ್ಲುತ್ತದೆ, ಕೆಲವರಿಗೆ ಹಿಂದಕ್ಕೂ ಹೋಗುತ್ತದೆ. ಆ ಹೊಸ ಮೈಗೆ ಒಗ್ಗಿ, ಬಲ ಕೂಡಿ, ಇಪ್ಪತ್ತು ದಾಟಿದ ಮೇಲೆ ಮತ್ತೆ ಏರುತ್ತದೆ. ಕಾಯಬೇಕು ಅಷ್ಟೆ. ಕಾಯುವ ಬದಲು ನೀವು ಆ ಬೆಳವಣಿಗೆಗೆ "ಫಾರ್ಮ್ ಕಳೆದುಕೊಂಡಳು" ಎಂದು ಹೆಸರಿಟ್ಟಿರಿ. ನಾನು ಏನನ್ನೂ ಕಳೆದುಕೊಂಡಿರಲಿಲ್ಲ. ದೊಡ್ಡವಳಾಗುತ್ತಿದ್ದೆ.

ಕಾದರೆ ಏನಾಗುತ್ತದೆ ಅನ್ನುವುದಕ್ಕೆ ಕೀನ್ಯಾದ ಫೇತ್ ಕಿಪ್ಯೆಗಾನ್ ಸಾಕು. 2012ರಲ್ಲಿ 18ರ ವಯಸ್ಸಿಗೆ 1500 ಮೀಟರಿನಲ್ಲಿ ವಿಶ್ವ ಜೂನಿಯರ್ ಚಾಂಪಿಯನ್. 2018ರಲ್ಲಿ ಮಗಳು ಹುಟ್ಟಿದಳು, ಟ್ರ್ಯಾಕಿನಿಂದ ದೂರವಿದ್ದರು. ಮರಳಿ ಬಂದ ಮೇಲೆ ಇನ್ನೆರಡು ಒಲಿಂಪಿಕ್ ಚಿನ್ನ ಗೆದ್ದು ಒಟ್ಟು ಮೂರು ಮಾಡಿಕೊಂಡರು. 2025ರಲ್ಲಿ 31ನೇ ವಯಸ್ಸಿಗೆ 3:48.68 ಓಡಿ ತಮ್ಮದೇ ವಿಶ್ವ ದಾಖಲೆ ಮುರಿದರು. ಹದಿನೆಂಟಕ್ಕೇ ಅವರನ್ನು ಹಿಂಡಿ ಬಿಸಾಡಿದ್ದರೆ ಇದೆಲ್ಲಿ ನೋಡುತ್ತಿದ್ದಿರಿ?

ಮರಳಿ ಬಂದವರ ಸಾಲಿನಲ್ಲಿ ಎಲ್ಲರ ಕಥೆಯೂ ಹಾಗೆ ಮುಗಿಯುವುದಿಲ್ಲ, ಅದೂ ಗೊತ್ತು. ಅಮೆರಿಕದ ಜಿಮ್ ರಯನ್ 1964ರಲ್ಲಿ ಶಾಲಾ ಹುಡುಗನಾಗಿ ನಾಲ್ಕು ನಿಮಿಷದೊಳಗೆ ಮೈಲಿ ಓಡಿದರು. 19ಕ್ಕೆ ವಿಶ್ವ ದಾಖಲೆ. 1969ರಲ್ಲಿ ಸಾಕಾಗಿ ಬಿಟ್ಟರು, ಎರಡು ವರ್ಷದ ಮೇಲೆ ಮರಳಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಹೀಟಿನಲ್ಲಿ, ಅಂದರೆ ಮೊದಲ ಸುತ್ತಿನ ಓಟದಲ್ಲಿ, ಕಾಲಿಗೆ ಕಾಲು ತಾಗಿ ಬಿದ್ದರು, ಅಲ್ಲಿಗೆ ಅವರ ಒಲಿಂಪಿಕ್ ಕನಸು ಮುಗಿಯಿತು. ದಕ್ಷಿಣ ಆಫ್ರಿಕಾದ ಜೋಲಾ ಬಡ್ 17ರ ವಯಸ್ಸಿಗೆ ಬರಿಗಾಲಲ್ಲಿ 5000 ಮೀಟರನ್ನು 15:01.83ಕ್ಕೆ ಓಡಿದ ಹುಡುಗಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓಟಗಾರ್ತಿ ಮೇರಿ ಡೆಕರ್ ಜೊತೆ ಆದ ಡಿಕ್ಕಿಯನ್ನೇ ಜಗತ್ತು ಇವತ್ತಿಗೂ ನೆನಪಿಟ್ಟಿದೆ. ಆಮೇಲೆ 1985, 1986 ಎರಡೂ ವರ್ಷ ಅವರು ವಿಶ್ವ ಕ್ರಾಸ್‌ಕಂಟ್ರಿ ಗೆದ್ದದ್ದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ? ಆ ಡೆಕರ್ ಕೂಡ 14ಕ್ಕೇ ದೊಡ್ಡವರ ಜೊತೆ ಓಡಿ ಹೆಸರಾದವರು. ನಡುವೆ ವರ್ಷಗಟ್ಟಲೆ ಕಾಲುನೋವಿನಲ್ಲಿ ಕಳೆದು, 1983ರಲ್ಲಿ ಹೆಲ್ಸಿಂಕಿಯಲ್ಲಿ 1500, 3000 ಎರಡರಲ್ಲೂ ವಿಶ್ವ ಚಾಂಪಿಯನ್ ಆದರು. ಆಗ ಅವರ ವಯಸ್ಸು 25.

ಇವರ ಸಾಲಿಗೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅಷ್ಟು ಬುದ್ಧಿಗೇಡಿಯಲ್ಲ ನಾನು.

ಈಗ ನಿಯಮದ ವಿಷಯಕ್ಕೆ ಬರುತ್ತೇನೆ. ಡೋಪಿಂಗ್ (ಉದ್ದೀಪನ ಮದ್ದು) ಪರೀಕ್ಷೆಯ ಪಟ್ಟಿಯಲ್ಲಿದ್ದು ನಿವೃತ್ತಿ ಹೇಳಿದವರು ಮರಳಿ ಬರಬೇಕೆಂದರೆ ಆರು ತಿಂಗಳು ಮುಂಚೆ ಬರೆದು ತಿಳಿಸಬೇಕು, ಅಷ್ಟೂ ದಿನ ಪರೀಕ್ಷೆಗೆ ಸಿಗುತ್ತಿರಬೇಕು. ಇದರ ಬಗ್ಗೆ ನನ್ನ ದೂರಿಲ್ಲ, ಸರಿಯಾದ ನಿಯಮ. ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೇನೆ ಎಂದು ಫೋನಿನಲ್ಲಿ ತುಂಬಿಸುತ್ತೇನೆ. ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದವರಿಗೆ ನಿದ್ದೆಗಣ್ಣಲ್ಲಿ ಬಾಗಿಲು ತೆಗೆದಿದ್ದೇನೆ. ನನ್ನ ಮೂತ್ರದ ಬಗ್ಗೆ ಇಷ್ಟು ಕಾಳಜಿ ಇರುವ ವ್ಯವಸ್ಥೆಗೆ ನನ್ನ ಮೂಳೆಯ ಬಗ್ಗೆ ಒಂದು ಫಾರಂ ಕೂಡ ಇಲ್ಲವಲ್ಲ, ಅದೊಂದೇ ನನಗೆ ಅರ್ಥವಾಗದ್ದು.

ತೊಡಕಿರುವುದು ಮುಂದೆ. ದೊಡ್ಡ ಚಾಂಪಿಯನ್‌ಶಿಪ್‌ಗೆ ಹೋಗಲು ಎರಡು ದಾರಿ. ಒಂದು, ನಿಗದಿ ಮಾಡಿದ ಸಮಯ ಓಡುವುದು. 1500 ಮೀಟರಿನ ಹೆಂಗಸರಿಗೆ ಟೋಕಿಯೊ ಒಲಿಂಪಿಕ್ಸ್‌ಗೆ 4:04.20 ಇದ್ದದ್ದು ಪ್ಯಾರಿಸ್ಸಿಗೆ 4:02.50 ಆಯಿತು, 2025ರ ವಿಶ್ವ ಚಾಂಪಿಯನ್‌ಶಿಪ್‌ಗೆ 4:01.50. ಇನ್ನೊಂದು, ವಿಶ್ವ ರ‍್ಯಾಂಕಿಂಗ್. ಒಂದು ವರ್ಷದೊಳಗಿನ ಐದು ಒಳ್ಳೆಯ ಓಟಗಳ ಸರಾಸರಿ ಅದು, ಕೂಟ ದೊಡ್ಡದಾದಷ್ಟೂ ಅಂಕ ಜಾಸ್ತಿ. ನಾನು ಸದ್ಯಕ್ಕೆ ಎರಡಕ್ಕೂ ಬಹಳ ದೂರ, ಗೊತ್ತು. ಆದರೆ ನನಗಿಂತ ಹತ್ತಿರದಲ್ಲಿರುವ, ಗಾಯದಿಂದಲೋ ಹೆರಿಗೆಯಿಂದಲೋ ಮರಳಿದವರ ಪಾಡು ನೋಡಿ. ಅಂಕವಿಲ್ಲದಿದ್ದರೆ ಒಳ್ಳೆಯ ಕೂಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಒಳ್ಳೆಯ ಕೂಟದಲ್ಲಿ ಓಡದಿದ್ದರೆ ಅಂಕ ಬರುವುದಿಲ್ಲ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಹಾಗಿದೆ. ನೀವು ನಡೆಸುವ ಕೂಟಗಳಲ್ಲಿ ಒಂದೋ ಎರಡೋ ಜಾಗವನ್ನು ಮರಳಿ ಬಂದವರಿಗೆ ಅಂತ ಇಟ್ಟರೆ ಆ ಗಂಟು ಬಿಚ್ಚಿಕೊಳ್ಳುತ್ತದೆ. ಟ್ರ್ಯಾಕಿನಲ್ಲಿ ಹನ್ನೆರಡು ಜನ ಓಡುವ ಕಡೆ ಹದಿಮೂರು ಜನ ಓಡಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಇನ್ನು ಕೋಚ್‌ಗಳಿಗೆ. ಎಲ್ಲರಿಗೂ ಅಲ್ಲ. ನನಗೀಗ ಇರುವ ಕೋಚ್ ಮೊದಲ ದಿನ ಹೇಳಿದ್ದು, "ನಿನ್ನ ತೂಕ ನನಗೆ ಹೇಳಬೇಡ, ನಿದ್ದೆ ಎಷ್ಟು ಮಾಡಿದೆ ಹೇಳು." ವಾರಕ್ಕೆ ಒಂದು ದಿನ ಪೂರ್ತಿ ರಜೆ. ಮೊದಮೊದಲು ಆ ದಿನ ನನಗೆ ಕೈಕಾಲು ಆಡುತ್ತಿರಲಿಲ್ಲ, ಏನೋ ಕದ್ದವಳ ಹಾಗೆ ಮನೆಯೊಳಗೆ ತಿರುಗುತ್ತಿದ್ದೆ. ಈಗ ಆ ದಿನ ಹತ್ತು ಗಂಟೆಯ ತನಕ ಏಳುವುದಿಲ್ಲ. ಇಂಥವರೂ ಇದ್ದಾರೆ. ಆದರೆ ಒಳ್ಳೆಯ ಕೋಚ್ ಸಿಗುವುದು ಅದೃಷ್ಟದ ಮೇಲೆ ನಿಲ್ಲಬಾರದು ಅಲ್ವಾ? ತೂಕದ ಯಂತ್ರವನ್ನು ಟ್ರ್ಯಾಕಿನ ಪಕ್ಕದಿಂದ ತೆಗೆಸಿ. ತೂಗಲೇಬೇಕಿದ್ದರೆ ವೈದ್ಯರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ತೂಗಲಿ. ಆ ವೈದ್ಯರ ಸಂಬಳ ಕೋಚ್‌ನ ಕೈಯಲ್ಲಿ ಇರಬಾರದು. ಈ ಹುಡುಗಿ ಈ ತಿಂಗಳು ಓಡಬಾರದು ಎಂದು ಅವರು ಬರೆದರೆ ಅದೇ ಕೊನೆಯ ಮಾತಾಗಬೇಕು.

ಇನ್ನೂ ಒಂದು ಮಾತು, ಇದನ್ನು ಹೇಳಿದರೆ ಕೆಲವರು ಸಿಟ್ಟಾಗುತ್ತಾರೆ. ಹದಿನೆಂಟರೊಳಗಿನ ಮಕ್ಕಳ ಪದಕವನ್ನು ಕೋಚ್‌ನ ಸಾಧನೆಯ ಲೆಕ್ಕಕ್ಕೆ ಹಿಡಿಯುವುದನ್ನು ಬಿಡಿ. 18ರೊಳಗಿನವರ ವಿಶ್ವ ಕೂಟ 1999ರಲ್ಲಿ ಶುರುವಾಗಿ 2017ರಲ್ಲಿ ನೈರೋಬಿಯಲ್ಲಿ ಕೊನೆಯಾಯಿತು. ಅದು ನಿಂತದ್ದರಿಂದ ಓಟವೇನೂ ಬಡವಾಗಲಿಲ್ಲ. ಹದಿನಾರರ ಹುಡುಗಿಯ ಪದಕದಿಂದ ಯಾರಿಗಾದರೂ ಬಡ್ತಿ ಸಿಗುತ್ತದೆ ಅಂದರೆ, ಅವಳ ಇಪ್ಪತ್ತಾರನೇ ವಯಸ್ಸಿನ ಬಗ್ಗೆ ಯೋಚಿಸಲು ಅವರಿಗೆ ಕಾರಣವೇ ಇರುವುದಿಲ್ಲ. ಅವಳು ಇಪ್ಪತ್ತಾರು ಮುಟ್ಟುವ ಹೊತ್ತಿಗೆ ಅವರ ಕೈಯಲ್ಲಿ ಇನ್ನೊಬ್ಬ ಹದಿನಾರರ ಹುಡುಗಿ ಇರುತ್ತಾಳೆ.

ಯಾಕೆ ಮರಳಿ ಬಂದೆ ಅಂತ ಕೇಳುತ್ತಾರೆ. ಸೇಡಿಗೆ ಅಂದುಕೊಂಡವರಿದ್ದಾರೆ. ದುಡ್ಡಿಗೆ ಅಂದವರೂ ಇದ್ದಾರೆ, ಅವರಿಗೆ 4:26 ಓಡುವವರಿಗೆ ಎಷ್ಟು ದುಡ್ಡು ಸಿಗುತ್ತದೆ ಅಂತ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಅಂಥ ದೊಡ್ಡ ಕಾರಣವಿಲ್ಲ. ಒಂದು ಸಂಜೆ ಬಸ್ಸು ತಪ್ಪಿತು, ಹಿಂದೆ ಓಡಿದೆ. ಬಸ್ಸು ಸಿಗಲಿಲ್ಲ. ಆದರೆ ನಾನು ನಿಲ್ಲಲಿಲ್ಲ. ಮುಂದಿನ ನಿಲ್ದಾಣದ ತನಕ ಓಡಿದೆ, ಅದರ ಮುಂದಿನದಕ್ಕೂ ಓಡಿದೆ. ಬೆನ್ನ ಮೇಲಿನ ಚೀಲ ಕುಣಿಯುತ್ತಿತ್ತು, ಚಪ್ಪಲಿ ಕಾಲು ಕಚ್ಚುತ್ತಿತ್ತು. ಯಾರೂ ಗಡಿಯಾರ ಹಿಡಿದಿರಲಿಲ್ಲ. ಮನೆ ಮುಟ್ಟಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಕೂತು ಹೊಟ್ಟೆ ತುಂಬಾ ಊಟ ಮಾಡಿದೆ, ಲೆಕ್ಕ ಹಾಕದೆ. ಮಾರನೇ ದಿನ ಹಳೆಯ ಶೂ ಹುಡುಕಿದೆ.

ಆ ಶೂ ಈಗ ಯಾರೂ ಹಾಕುವುದಿಲ್ಲ, ಬಿಡಿ. ನಾನಿಲ್ಲದ ಏಳು ವರ್ಷದಲ್ಲಿ ಕಾರ್ಬನ್ ಪ್ಲೇಟ್, ಹೊಸ ಫೋಮಿನ ಅಟ್ಟೆ ಎಲ್ಲ ಬಂದು ಸ್ಪೈಕ್ಸ್ ಬೇರೆಯೇ ವಸ್ತುವಾಗಿದೆ. ಅಟ್ಟೆ 20 ಮಿಲಿಮೀಟರ್ ದಾಟಬಾರದು ಅನ್ನುವ ನಿಯಮ ಮಾಡಬೇಕಾಗಿ ಬಂದಿದೆ. ಹಾಕಿಕೊಂಡು ನಿಂತರೆ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ. ನನ್ನ ಹಳೆಯ ಸಮಯದ ಜೊತೆ ಈಗಿನದನ್ನು ಹೋಲಿಸುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಲಿ. ಆಗ ನನ್ನ 4:26 ಇನ್ನೂ ಕಳಪೆಯಾಗಿ ಕಾಣುತ್ತದೆ, ಪರವಾಗಿಲ್ಲ!

ಅವತ್ತು ಓಟ ಮುಗಿದ ಮೇಲೆ ಆ ಹುಡುಗಿ ಮತ್ತೆ ಸಿಕ್ಕಳು. ನನಗಿಂತ ಎಂಟು ಸೆಕೆಂಡ್ ಮುಂಚೆ ಮುಗಿಸಿದ್ದಳು. ಬೇಲಿ ಹಿಡಿದು ಬಗ್ಗಿ ನಿಂತಿದ್ದಳು. ಬಾಟಲಿ ಕೊಟ್ಟೆ, ಅರ್ಧ ಕುಡಿದು ವಾಪಸ್ ಕೊಟ್ಟಳು. ಅವಳ ಸಮಯ ಬೋರ್ಡಿನಲ್ಲಿ ಬಂದಾಗ ಇಬ್ಬರು ಗಂಡಸರು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡರು. ಅವರಲ್ಲಿ ಒಬ್ಬರು ಅವಳ ಹತ್ತಿರ ಬಂದು, "ಇನ್ನೊಂದು ಸ್ವಲ್ಪ ಸಣ್ಣ ಆದ್ರೆ ಇನ್ನೂ ಓಡ್ತೀಯಾ" ಅಂದರು. ಅವಳು ತಲೆಯಾಡಿಸಿದಳು. ನಾನು ಅಲ್ಲೇ ಇದ್ದೆ. ನಾಲಿಗೆಯ ತುದಿಯ ತನಕ ಬಂದ ಮಾತನ್ನು ಆಡಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಈ ಪತ್ರ ಬರೆಯಲು ಕೂತೆ.

ಅವರು ಯಾರೆಂದು ನಾನು ಬರೆಯುವುದಿಲ್ಲ. ಇದನ್ನು ಓದುತ್ತಿದ್ದರೆ ಅವರಿಗೇ ಗೊತ್ತಾಗುತ್ತದೆ.

ನನ್ನ ಮುಂದಿನ ಓಟ ಆರು ವಾರದ ನಂತರ. ಹೆಸರು ಕಳುಹಿಸಿದ್ದೇನೆ, ಫಾರಂ ತುಂಬಿದ್ದೇನೆ. ಅದರಲ್ಲಿ "ಜೀವಮಾನದ ಉತ್ತಮ ಸಮಯ" ಅನ್ನುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲಿ ಅದು ಹೇಗೂ ಇರುತ್ತದೆ, ಗೊತ್ತು. ಮೈಕ್ ಹಿಡಿದವರಿಗೆ ದಯವಿಟ್ಟು ಹೇಳಿ, ಎಲ್ಲರದ್ದನ್ನೂ ಓದುವ ಹಾಗೆ ನನ್ನದೂ ಈ ವರ್ಷದ್ದನ್ನೇ ಓದಲಿ. 4:26.3.

ಇತಿ,
ಬಿಬ್ ನಂಬರ್ 9ರವಳು